ಬೀದಿಗೆ ಬಂದವರು ಮತಗಟ್ಟೆಯಲ್ಲಿ ಏನು ಮಾಡುತ್ತಾರೆ?

ಚಳವಳಿಗಳ ಬಗ್ಗೆ ಎಲ್ಲಿ ಮಾತಾಡಿದರೂ ಒಂದು ಪ್ರಶ್ನೆ ಬಂದೇ ಬರುತ್ತದೆ. ಹೋರಾಟಕ್ಕೆ ಸಾವಿರಾರು ಜನ ಸೇರುತ್ತಾರೆ, ಅದೇ ನಾಯಕರು ಚುನಾವಣೆಗೆ ನಿಂತರೆ ಠೇವಣಿಯೂ ಉಳಿಯುವುದಿಲ್ಲ, ಯಾಕೆ ಹೀಗೆ? ಕೇಳುವವರ ದನಿಯಲ್ಲಿ ಸಿಟ್ಟಿರುತ್ತದೆ. ಆ ಸಿಟ್ಟು ಹೆಚ್ಚಾಗಿ ಜನರ ಮೇಲೆ. ಜನ ಉಪಕಾರ ನೆನೆಯಲ್ಲ, ದುಡ್ಡಿಗೆ ಮತ್ತು ಜಾತಿಗೆ ವೋಟು ಹಾಕ್ತಾರೆ ಅನ್ನುವ ಸಿಟ್ಟು. ಇವತ್ತು ಅದನ್ನು ಸ್ವಲ್ಪ ಪಕ್ಕಕ್ಕಿಟ್ಟು ನೋಡೋಣ. ಮತದಾರರ ಜಾಗದಲ್ಲಿ ನಿಂತರೆ ಈ ಪ್ರಶ್ನೆ ಬೇರೆಯದೇ ಆಗಿ ಕಾಣುತ್ತದೆ.

ನಿಮಗೆಲ್ಲ ಗೊತ್ತಿರುವ ಉದಾಹರಣೆಯಿಂದಲೇ ಶುರು ಮಾಡುತ್ತೇನೆ. ಮಣಿಪುರದ ಇರೋಮ್ ಶರ್ಮಿಳಾ 16 ವರ್ಷ ಉಪವಾಸ ಇದ್ದರು. ಸೇನೆಯ ವಿಶೇಷಾಧಿಕಾರ ಕಾಯ್ದೆ ಹೋಗಬೇಕು ಅನ್ನುವುದು ಅವರ ಬೇಡಿಕೆ. 2016ರ ಆಗಸ್ಟ್‌ನಲ್ಲಿ ಉಪವಾಸ ಬಿಟ್ಟು, 2017ರಲ್ಲಿ ತೌಬಾಲ್ ಕ್ಷೇತ್ರದಲ್ಲಿ ಮುಖ್ಯಮಂತ್ರಿಯ ಎದುರೇ ನಿಂತರು. ಸಿಕ್ಕಿದ್ದು 90 ವೋಟು. ಆ ಸಂಖ್ಯೆ ಕೇಳಿ ದೇಶದ ತುಂಬ ಜನ ಬೇಜಾರು ಮಾಡಿಕೊಂಡರು. ತೌಬಾಲಿನ ಜನರನ್ನು ಬೈದವರೂ ಕಡಿಮೆಯಿಲ್ಲ. ಆದರೆ ಯೋಚಿಸಿ ನೋಡಿ. ಆ 16 ವರ್ಷವೂ ಶರ್ಮಿಳಾ ಬಹುಪಾಲು ಆಸ್ಪತ್ರೆಯ ಕೋಣೆಯಲ್ಲಿ, ಪೊಲೀಸ್ ಕಾವಲಿನಲ್ಲಿದ್ದರು. ಜನರಿಗೆ ಅವರ ಮೇಲೆ ಗೌರವ ಇತ್ತು, ಒಡನಾಟ ಇರಲಿಲ್ಲ. ಅವರಿಗೆ ಬೂತ್ ಮಟ್ಟದಲ್ಲಿ ಓಡಾಡುವ ಕಾರ್ಯಕರ್ತರು ಇರಲಿಲ್ಲ. ರೇಷನ್ ಕಾರ್ಡ್ ಕೆಲಸಕ್ಕೆ ಹೋಗಿ ಕೇಳಬಹುದಾದ ಒಂದು ಮನೆಯೂ ಇರಲಿಲ್ಲ.

ಇನ್ನೊಂದು ಪಂಜಾಬು. ಮೂರು ಕೃಷಿ ಕಾಯ್ದೆಗಳ ವಿರುದ್ಧ ರೈತರು 2020ರ ನವೆಂಬರ್‌ನಿಂದ ಒಂದು ವರ್ಷ ದಿಲ್ಲಿಯ ಗಡಿಯಲ್ಲಿ ಕೂತರು. ಕಾಯ್ದೆಗಳು ವಾಪಸ್ ಆದವು. ನಮ್ಮ ಕಾಲದ ದೊಡ್ಡ ಗೆಲುವು ಅದು. ಆಮೇಲೆ ಪಂಜಾಬಿನ 22 ರೈತ ಸಂಘಟನೆಗಳು ಸೇರಿ ಸಂಯುಕ್ತ ಸಮಾಜ ಮೋರ್ಚಾ ಅಂತ ಮಾಡಿಕೊಂಡು 2022ರ ಫೆಬ್ರುವರಿಯ ಚುನಾವಣೆಗೆ ಇಳಿದವು. ಒಂದು ಸೀಟೂ ಬರಲಿಲ್ಲ. ನೇತೃತ್ವ ವಹಿಸಿದ್ದ ಬಲಬೀರ್ ಸಿಂಗ್ ರಾಜೇವಾಲ್ ಅವರೂ ಠೇವಣಿ ಕಳೆದುಕೊಂಡರು. 117ರಲ್ಲಿ 92 ಸೀಟು ಆಮ್ ಆದ್ಮಿ ಪಕ್ಷಕ್ಕೆ ಹೋದವು. ಗಡಿಯಲ್ಲಿ ಕೂತಿದ್ದ ರೈತರ ಮನೆಗಳಿಂದಲೂ ಆ ಪಕ್ಷಕ್ಕೆ ವೋಟು ಹೋಗದೆ ಇಷ್ಟು ಸೀಟು ಬರುವುದು ಸಾಧ್ಯವಿರಲಿಲ್ಲ.

ಇದರಲ್ಲಿ ಮೋಸ ಏನಿದೆ ಹೇಳಿ? ಗಡಿಯಲ್ಲಿ ರೈತನ ಮುಂದಿದ್ದ ಪ್ರಶ್ನೆ ಒಂದೇ, ಈ ಕಾಯ್ದೆ ಇರಬೇಕೋ ಹೋಗಬೇಕೋ. ಮತಗಟ್ಟೆಯಲ್ಲಿ ಅವನ ಮುಂದೆ ಹತ್ತು ಪ್ರಶ್ನೆ ಇದ್ದವು. ಐದು ವರ್ಷ ಸರ್ಕಾರ ಯಾರು ನಡೆಸುತ್ತಾರೆ, ಮಗನ ಕೆಲಸದ ಗತಿ ಏನು, ಊರಿನಲ್ಲಿ ಹಬ್ಬಿರುವ ಮಾದಕ ವಸ್ತುವಿನ ಪಿಡುಗನ್ನು ಯಾರು ತಡೆಯುತ್ತಾರೆ, ಕರೆಂಟ್ ಬಿಲ್ಲು ಏನಾಗುತ್ತದೆ. ಎಲ್ಲಕ್ಕಿಂತ ಮೇಲೆ, ನಮ್ಮ ಕ್ಷೇತ್ರದಲ್ಲಿ ಯಾರು ಗೆಲ್ಲಬಹುದು. ಒಂದು ವೋಟು ಜಾಸ್ತಿ ಬಂದವರು ಇಡೀ ಸೀಟು ತೆಗೆದುಕೊಂಡು ಹೋಗುವ ಪದ್ಧತಿ ನಮ್ಮದು. ಗೆಲ್ಲದವರಿಗೆ ಹಾಕಿದರೆ ವೋಟು ವೇಸ್ಟ್ ಅಂತ ಜನ ಅನ್ನುವುದು ಅಜ್ಞಾನದಿಂದ ಅಲ್ಲ. ಪದ್ಧತಿಯನ್ನು ಸರಿಯಾಗಿ ಅರ್ಥ ಮಾಡಿಕೊಂಡೇ ಹಾಗನ್ನುತ್ತಾರೆ. ಇನ್ನೂ ಒಂದು ವಿಷಯವಿದೆ. ಪಂಜಾಬಿನ ಜನಸಂಖ್ಯೆಯಲ್ಲಿ ಮೂರನೇ ಒಂದು ಭಾಗದಷ್ಟು ದಲಿತರು. ಅವರಲ್ಲಿ ಹೆಚ್ಚಿನವರಿಗೆ ಜಮೀನಿಲ್ಲ. ಗಡಿಯ ಹೋರಾಟಕ್ಕೆ ಕೂಲಿಕಾರರ ಬೆಂಬಲವೂ ಇತ್ತು, ನಿಜ. ಆದರೆ ಜಮೀನಿದ್ದವರ ಸಂಘ ಸರ್ಕಾರವನ್ನೇ ನಡೆಸುತ್ತೇವೆ ಅಂದಾಗ, ಆ ಜಮೀನಿನಲ್ಲಿ ಕೂಲಿ ಮಾಡುವವರು ನೂರು ಸಲ ಯೋಚಿಸುತ್ತಾರೆ. ಯೋಚಿಸಬೇಕು ಕೂಡ.

ಹೀಗಾಗಿ ಚಳವಳಿಯ ಜನ ಬೇರೆ, ಚಳವಳಿಯ ಮತದಾರರು ಬೇರೆ. ಎರಡನೆಯವರು ತಾವಾಗಿ ಹುಟ್ಟುವುದಿಲ್ಲ, ಅವರನ್ನು ಬೆಳೆಸಬೇಕಾಗುತ್ತದೆ. ಅದು ಎಲ್ಲಿ ಸಾಧ್ಯವಾಯಿತು, ಎಲ್ಲಿ ಕೈತಪ್ಪಿತು ಅನ್ನುವುದೇ ನನ್ನ ಇವತ್ತಿನ ವಿಷಯ.

ನಮ್ಮಲ್ಲೇ ನೋಡಿ, ಕಾಗೋಡು. 1951, ಸಾಗರ ತಾಲ್ಲೂಕು. ಗೇಣಿದಾರರು ಒಡೆಯರಿಗೆ ಗೇಣಿಯನ್ನು ಭತ್ತದ ರೂಪದಲ್ಲಿ ಕೊಡಬೇಕು. ಅದನ್ನು ಅಳೆಯುವುದು ಕೊಳಗದಲ್ಲಿ. ಕೊಳಗ ಯಾರದು? ಒಡೆಯರದು. ಸರ್ಕಾರ ಗೊತ್ತು ಮಾಡಿದ ಅಳತೆಗಿಂತ ಅದು ದೊಡ್ಡದು. ಒಪ್ಪಂದದ ಪ್ರಕಾರ ಇಷ್ಟು ಕೊಳಗ ಅಂತ ಅಳೆದರೂ ಪ್ರತಿ ಕೊಳಗಕ್ಕೂ ಒಂದಿಷ್ಟು ಭತ್ತ ಹೆಚ್ಚಿಗೆ ಹೋಗುತ್ತಿತ್ತು. ಇಡೀ ಹೋರಾಟದ ಒಂದು ತುದಿ ಇದ್ದದ್ದು ಈ ಕೊಳಗದ ಗಾತ್ರದಲ್ಲಿ. ಎಚ್. ಗಣಪತಿಯಪ್ಪನವರು ಅದಕ್ಕೂ ಕೆಲವು ವರ್ಷ ಮೊದಲೇ ರೈತ ಸಂಘ ಕಟ್ಟಿ ಹಳ್ಳಿ ಹಳ್ಳಿ ತಿರುಗಿದ್ದರು. ಒಡೆಯರು ಜಮೀನು ಬಿಡಿಸಿದಾಗ ಗೇಣಿದಾರರು ನೇಗಿಲು ಹೊತ್ತು ಗದ್ದೆಗೆ ಇಳಿದರು. ತಂಡ ತಂಡವಾಗಿ ಬಂಧನಕ್ಕೆ ಒಳಗಾದರು. ಸಮಾಜವಾದಿಗಳು ಜೊತೆಗೆ ಬಂದರು. ರಾಮಮನೋಹರ ಲೋಹಿಯಾ ಅವರೇ ಬಂದು ಬಂಧನಕ್ಕೊಳಗಾದರು.

ಮರುವರ್ಷವೇ ದೇಶದ ಮೊದಲ ಸಾರ್ವತ್ರಿಕ ಚುನಾವಣೆ ನಡೆಯಿತು. ಗೇಣಿದಾರನಿಗೂ ಒಂದು ವೋಟು, ಒಡೆಯನಿಗೂ ಒಂದು ವೋಟು. ಅಲ್ಲಿಯವರೆಗೆ ಒಡೆಯರ ಎದುರು ಸರಿಸಮನಾಗಿ ಕೂತು ಗೊತ್ತಿಲ್ಲದ ಜನ ಅವರು. ಚಳವಳಿಯಲ್ಲಿದ್ದ ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಗೆದ್ದರು. ಆಗ ಅವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ. ಗೋಪಾಲಗೌಡರ ಚುನಾವಣೆಗಳ ಬಗ್ಗೆ ಜನ ಇವತ್ತಿಗೂ ನೆನೆಸುವ ಮಾತು 'ಒಂದು ವೋಟು, ಒಂದು ನೋಟು'. ವೋಟೂ ಕೊಡಿ, ಖರ್ಚಿಗೆ ಒಂದು ರೂಪಾಯಿಯನ್ನೂ ಕೊಡಿ ಅಂತ. ಇದನ್ನು ಬರೀ ಸರಳತೆಯ ಕತೆಯಾಗಿ ಹೇಳಿ ಮುಗಿಸಿಬಿಡುತ್ತೇವೆ. ನನಗೆ ಅದರಲ್ಲಿ ಕಾಣುವುದು ಬೇರೆ. ಒಂದು ರೂಪಾಯಿ ಕೊಟ್ಟವನು ಸುಮ್ನೆ ಮತದಾರನಾಗಿ ಉಳಿಯುವುದಿಲ್ಲ. ಆ ಚುನಾವಣೆಯಲ್ಲಿ ಅವನದೂ ಒಂದು ಪಾಲಿದೆ. ನಾಳೆ ಗೆದ್ದವರನ್ನು ತಡೆದು ನಿಲ್ಲಿಸಿ ಕೇಳುವ ಹಕ್ಕು ತನಗಿದೆ ಅಂತ ಅವನಿಗೆ ಗಟ್ಟಿಯಾಗಿ ಅನ್ನಿಸುತ್ತದೆ. ಇವತ್ತು ದುಡ್ಡು ಹೋಗುವುದು ಅಭ್ಯರ್ಥಿಯ ಕಡೆಯಿಂದ ಮತದಾರರ ಕಡೆಗೆ. ಜೊತೆಗೆ ಕೇಳುವ ಹಕ್ಕೂ ಅವತ್ತೇ ತೀರಿಹೋಗುತ್ತದೆ.

ಸಮಾಜವಾದಿಗಳ ಪಕ್ಷ ಕರ್ನಾಟಕದಲ್ಲಿ ಸರ್ಕಾರ ಮಾಡಲಿಲ್ಲ. ಉಳುವವನೇ ಹೊಲದೊಡೆಯ ಅನ್ನುವ ಮಾತಿಗೆ ಕಾನೂನಿನ ಬಲ ಬಂದದ್ದು ದೇವರಾಜ ಅರಸರ ಕಾಲದ 1974ರ ಭೂಸುಧಾರಣಾ ತಿದ್ದುಪಡಿಯಿಂದ, ಅದೂ ಕಾಂಗ್ರೆಸ್ ಸರ್ಕಾರದಿಂದ. ಗೋಪಾಲಗೌಡರು ಅಷ್ಟು ಹೊತ್ತಿಗೆ ತೀರಿಕೊಂಡಿದ್ದರು. ಆದರೆ ಆ ಕಾನೂನು ಬಂದಾಗ ಈ ಜಮೀನು ಉಳುತ್ತಿರುವುದು ನಾನು ಅಂತ ಡಿಕ್ಲರೇಷನ್ ಕೊಟ್ಟು ಭೂನ್ಯಾಯಮಂಡಳಿಯ ಎದುರು ನಿಲ್ಲುವುದಕ್ಕೆ ಎದೆಗಾರಿಕೆ ಬೇಕಿತ್ತು, ಅಲ್ವಾ? ಆ ಧೈರ್ಯ ಒಂದೇ ದಿನದಲ್ಲಿ ಬರುವಂಥದ್ದಲ್ಲ. ಗದ್ದೆಗೆ ನೇಗಿಲು ಹೊತ್ತು ಇಳಿದ ದಿನದಿಂದ ಅದು ಬೆಳೆಯುತ್ತ ಬಂದಿತ್ತು. ಚಳವಳಿ ಎಷ್ಟು ಸೀಟು ಗೆದ್ದಿತು ಅಂತ ಮಾತ್ರ ಎಣಿಸಿದರೆ ಇದು ಲೆಕ್ಕಕ್ಕೇ ಸಿಗುವುದಿಲ್ಲ.

ಇನ್ನು ರೈತ ಸಂಘ. 1980ರ ಜುಲೈನಲ್ಲಿ ನರಗುಂದ–ನವಲಗುಂದದಲ್ಲಿ ಮಲಪ್ರಭಾ ನೀರಾವರಿ ಪ್ರದೇಶದ ರೈತರು ನೀರಿನ ಕರ ಮತ್ತು ಅಭಿವೃದ್ಧಿ ಕರದ ವಿರುದ್ಧ ಎದ್ದರು. ಗೋಲಿಬಾರ್ ಆಯಿತು. ಅದೇ ವರ್ಷ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿತು. ಆಗಿನ ಹಳ್ಳಿಗಳನ್ನು ಕಣ್ಣ ಮುಂದೆ ತಂದುಕೊಳ್ಳಿ. ಊರ ಬಾಗಿಲಲ್ಲಿ ಒಂದು ಬೋರ್ಡು. ಸಂಘದ ಅನುಮತಿ ಇಲ್ಲದೆ ಸಾಲ ವಸೂಲಿಗೆ ಅಧಿಕಾರಿಗಳು ಊರೊಳಗೆ ಬರುವಂತಿಲ್ಲ ಅಂತ ಬರೆದಿದೆ. ಬ್ಯಾಂಕಿನವರು ಮನೆಯ ಸಾಮಾನು ಜಪ್ತಿ ಮಾಡಿಕೊಂಡು ಹೋದರೆ, ಹಸಿರು ಶಾಲು ಹೊದ್ದ ಜನ ಗುಂಪಾಗಿ ಹೋಗಿ ಮರುಜಪ್ತಿ ಮಾಡಿ ಸಾಮಾನನ್ನು ವಾಪಸ್ ತರುತ್ತಿದ್ದರು. ರೈತ ಸಾಲಗಾರನಲ್ಲ, ಸರ್ಕಾರವೇ ಬಾಕಿದಾರ ಅನ್ನುವ ಘೋಷಣೆ ಮನೆಮಾತಾಗಿತ್ತು. ಸಾಲ ಅಂದರೆ ಅವಮಾನ ಅಂತ ತಲೆ ತಗ್ಗಿಸುತ್ತಿದ್ದ ರೈತ, ಬೆಲೆಯ ಲೆಕ್ಕ ಮುಂದಿಟ್ಟು ಮಾತಾಡಲು ಕಲಿತ. ಇದಕ್ಕಿಂತ ದೊಡ್ಡ ರಾಜಕೀಯ ಪಾಲ್ಗೊಳ್ಳುವಿಕೆ ಬೇರೆ ಯಾವುದಿದೆ?

1983ರಲ್ಲಿ ರಾಜ್ಯದಲ್ಲಿ ಮೊದಲ ಬಾರಿಗೆ ಕಾಂಗ್ರೆಸ್ಸೇತರ ಸರ್ಕಾರ ಬಂತು. ರೈತರ ಸಿಟ್ಟು ಅದಕ್ಕೆ ಒಂದು ಮುಖ್ಯ ಕಾರಣ. 1989ರಲ್ಲಿ ಸಂಘ ತಾನೇ ವಿಧಾನಸಭಾ ಚುನಾವಣೆಗೆ ಇಳಿಯಿತು. ಬಾಬಾಗೌಡ ಪಾಟೀಲರು ಕಿತ್ತೂರು ಮತ್ತು ಧಾರವಾಡ ಗ್ರಾಮಾಂತರ ಎರಡೂ ಕಡೆ ಗೆದ್ದರು. ಅವರು ಬಿಟ್ಟುಕೊಟ್ಟ ಧಾರವಾಡ ಕ್ಷೇತ್ರದಿಂದ ಉಪಚುನಾವಣೆಯಲ್ಲಿ ಸಂಘದ ನಾಯಕ ಎಂ.ಡಿ. ನಂಜುಂಡಸ್ವಾಮಿ ವಿಧಾನಸಭೆಗೆ ಬಂದರು. ಸರಿಸುಮಾರು ಅಷ್ಟೇ. ಲಕ್ಷಗಟ್ಟಲೆ ಹಸಿರು ಶಾಲುಗಳಿದ್ದ ರಾಜ್ಯದಲ್ಲಿ ಎರಡು ಸೀಟು!

ಇದಕ್ಕೆ ಜಾತಿ ಕಾರಣ ಅಂತ ಒಂದೇ ಮಾತಿನಲ್ಲಿ ಹೇಳಿಬಿಡುವವರಿದ್ದಾರೆ. ಜಾತಿಯೂ ಇತ್ತು, ಸುಳ್ಳಲ್ಲ. ಆದರೆ ನನ್ನ ಅಭಿಪ್ರಾಯ ಬೇರೆ. ಸಂಘ ರೈತನನ್ನು ಕರೆದದ್ದು ಅಧಿಕಾರಿಯನ್ನು ತಡೆಯುವುದಕ್ಕೆ, ಆ ಕೆಲಸವನ್ನು ಅದು ಅದ್ಭುತವಾಗಿ ಮಾಡಿತು. ಅದೇ ಊರಿನಲ್ಲಿ ಆಶ್ರಯ ಮನೆ, ಪಿಂಚಣಿ, ಬೋರ್‌ವೆಲ್ಲು, ವರ್ಗಾವಣೆ ಇವೆಲ್ಲ ಪಕ್ಷದವರ ಕೈಯಲ್ಲೇ ಉಳಿದವು. ಹೊರಗಿನಿಂದ ಬರುವ ಸರ್ಕಾರವನ್ನು ತಡೆಯಲು ಸಂಘ, ಒಳಗೆ ಸಿಗುವ ಸರ್ಕಾರವನ್ನು ಪಡೆಯಲು ಪಕ್ಷ. ಜನ ಹೀಗೆ ಕೆಲಸ ಹಂಚಿದ್ದರು, ಅದರಲ್ಲಿ ತಪ್ಪು ಕಾಣುತ್ತಿರಲಿಲ್ಲ. ಇನ್ನು ದಲಿತ ಕೂಲಿಕಾರರ ಪ್ರಶ್ನೆ ಇದ್ದೇ ಇತ್ತು. ಪಂಜಾಬಿನಲ್ಲಿ ಎದ್ದದ್ದು ಅದೇ ಪ್ರಶ್ನೆ. ರೈತ ಸಂಘ ಮತ್ತು ದಲಿತ ಸಂಘರ್ಷ ಸಮಿತಿಯ ಗೆಳೆಯರು ಒಟ್ಟಿಗೆ ಸರ್ವೋದಯ ಕರ್ನಾಟಕ ಪಕ್ಷ ಮಾಡಿದ್ದು 2005ರಲ್ಲಿ. ಎರಡೂ ಸಂಘಟನೆಗಳು ಅಷ್ಟು ಹೊತ್ತಿಗೆ ಒಡೆದು ಹೋಳಾಗಿದ್ದವು. ಇಪ್ಪತ್ತು ವರ್ಷ ಮೊದಲೇ ಆ ಕೆಲಸ ಆಗಿದ್ದರೆ ಕರ್ನಾಟಕದ ರಾಜಕೀಯ ಬೇರೆ ಇರುತ್ತಿತ್ತು ಅಂತ ನಾನು ಬಲವಾಗಿ ನಂಬುತ್ತೇನೆ.

ಈಗ ಸ್ವಲ್ಪ ದೂರ ಹೋಗೋಣ, ಬೊಲಿವಿಯಾಕ್ಕೆ. ಅಲ್ಲಿನ ಚಪಾರೆ ಅನ್ನುವ ಪ್ರದೇಶದಲ್ಲಿ ಕೋಕಾ ಎಲೆ ಬೆಳೆಯುವ ರೈತರ ಸಂಘಗಳಿದ್ದವು. 1985ರಲ್ಲಿ ಸರ್ಕಾರಿ ತವರದ ಗಣಿಗಳು ಮುಚ್ಚಿದಾಗ ಕೆಲಸ ಕಳೆದುಕೊಂಡ ಸಾವಿರಾರು ಗಣಿ ಕಾರ್ಮಿಕರು ಇಲ್ಲಿಗೆ ಬಂದು ನೆಲೆಸಿದರು. ಸಂಘ ಕಟ್ಟುವುದು ಅವರಿಗೆ ಮೊದಲೇ ಗೊತ್ತಿತ್ತು. ಈ ಸಂಘಗಳು ಹೇಗಿದ್ದವು ಅನ್ನುವುದನ್ನು ಗಮನಿಸಿ. ಜಮೀನು ಹಂಚುವುದು ಸಂಘ. ರಸ್ತೆ, ಶಾಲೆಗೆ ಜನ ಸೇರಿಸುವುದು ಸಂಘ. ಬದುವಿನ ಜಗಳ ಬಿಡಿಸುವುದು ಸಂಘ. ಸಭೆಗೆ ಬರದಿದ್ದರೆ ದಂಡ ಕಟ್ಟಬೇಕು. ನಮ್ಮ ರೈತ ಸಂಘ ತಡೆಯುವ ಕೆಲಸದಲ್ಲಿ ಗಟ್ಟಿ ಅಂದೆನಲ್ಲ, ಚಪಾರೆಯ ಸಂಘ ಕೊಡುವ ಕೆಲಸದಲ್ಲೂ ಅಷ್ಟೇ ಗಟ್ಟಿ.

1994ರಲ್ಲಿ ಅಲ್ಲಿನ ಸರ್ಕಾರ ಜನ ಪಾಲ್ಗೊಳ್ಳುವಿಕೆಯ ಕಾನೂನು ತಂದಿತು. ದೇಶದ ತುಂಬ ಮುನ್ನೂರಕ್ಕೂ ಹೆಚ್ಚು ಪುರಸಭೆಗಳಾದವು, ರಾಷ್ಟ್ರೀಯ ತೆರಿಗೆಯಲ್ಲಿ ನೂರಕ್ಕೆ 20 ಪಾಲು ಅವಕ್ಕೆ ಸಿಗುವಂತಾಯಿತು. ಸ್ಥಳೀಯ ಚುನಾವಣೆಗೆ ಸಂಘಗಳು ನಿಲ್ಲಬೇಕು ಅಂದರೆ ನೋಂದಾಯಿತ ಪಕ್ಷ ಬೇಕು. ಚುನಾವಣಾ ನ್ಯಾಯಾಲಯ ಅವರ ಪಕ್ಷವನ್ನು ನೋಂದಾಯಿಸಲಿಲ್ಲ. ಏನು ಮಾಡಿದರು ಗೊತ್ತಾ? ಮೊದಲು ಒಂದು ಎಡಪಕ್ಷದ ಹೆಸರನ್ನು ಎರವಲು ತಂದು ನಿಂತರು. ಆಮೇಲೆ, ನೋಂದಣಿ ಇದ್ದೂ ಕಾರ್ಯಕರ್ತರಿಲ್ಲದ ಇನ್ನೊಂದು ಹಳೆಯ ಪಕ್ಷದ ಹೆಸರು ತೆಗೆದುಕೊಂಡರು. ಅದೇ ಮುಂದೆ ಜಗತ್ತಿಗೆ ಗೊತ್ತಾದ ಮಾಸ್ (ಸಮಾಜವಾದದತ್ತ ಚಳವಳಿ) ಪಕ್ಷ. ಯಾರು ಅಭ್ಯರ್ಥಿ, ಯಾವ ಗುರುತಿಗೆ ವೋಟು ಅನ್ನುವುದು ಸಂಘದ ಸಭೆಯಲ್ಲೇ ತೀರ್ಮಾನ. ಅದಕ್ಕೇ ಹೆಸರು ಬದಲಾದರೂ ವೋಟು ಚದುರಲಿಲ್ಲ. ಚಪಾರೆಯ ಪುರಸಭೆಗಳನ್ನು ಗೆದ್ದರು. 1997ರಲ್ಲಿ ಈ ಸಂಘಗಳ ನಾಯಕ ಇವೊ ಮೊರಾಲೆಸ್ ಸಂಸತ್ತಿಗೆ ಹೋದರು. 2002ರ ಅಧ್ಯಕ್ಷ ಚುನಾವಣೆಯಲ್ಲಿ ಕೂದಲೆಳೆಯಲ್ಲಿ ಎರಡನೆಯವರಾದರು. 2005ರಲ್ಲಿ ನೂರಕ್ಕೆ 53ಕ್ಕೂ ಹೆಚ್ಚು ಮತ ಪಡೆದು ಅಧ್ಯಕ್ಷರೇ ಆದರು. ಮೂಲನಿವಾಸಿಗಳು ಹೆಚ್ಚಾಗಿರುವ ಆ ದೇಶದಲ್ಲಿ, ಹಳ್ಳಿಗಳಲ್ಲಿ ಎಷ್ಟೋ ಜನರ ಹತ್ತಿರ, ಅದರಲ್ಲೂ ಹೆಂಗಸರ ಹತ್ತಿರ, ಗುರುತಿನ ಚೀಟಿಯೇ ಇರಲಿಲ್ಲ. ಅದಿಲ್ಲದೆ ವೋಟಿಲ್ಲ. ಗುರುತಿನ ಚೀಟಿ ಮಾಡಿಸಿಕೊಡುವುದು ಆಗ ದೊಡ್ಡ ರಾಜಕೀಯ ಕೆಲಸವಾಯಿತು.

ಕತೆ ಇಲ್ಲಿಗೇ ನಿಲ್ಲಿಸಿದರೆ ಚೆನ್ನಾಗಿರುತ್ತಿತ್ತು. ಆದರೆ ಸಂಘದ ಮುಂದಾಳುಗಳು ಮಂತ್ರಿಗಳಾದರು, ಸಂಸದರಾದರು, ಇಲಾಖೆಗಳಿಗೆ ಹೋದರು. ಕೆಳಗಿನಿಂದ ಮೇಲೆ ಹೋಗುತ್ತಿದ್ದ ತೀರ್ಮಾನ ಮೇಲಿನಿಂದ ಕೆಳಗೆ ಬರತೊಡಗಿತು. ಮತ್ತೊಮ್ಮೆ ಅಧ್ಯಕ್ಷರಾಗಲು ಅವಕಾಶ ಬೇಕು ಅಂತ 2016ರಲ್ಲಿ ಮೊರಾಲೆಸ್ ಜನಮತ ಕೇಳಿದಾಗ ಜನ ಬೇಡ ಅಂದರು. ಆದರೂ ನ್ಯಾಯಾಲಯದ ತೀರ್ಪಿನ ಬಲದಿಂದ 2019ರಲ್ಲಿ ನಿಂತರು, ದೇಶ ಬಿಕ್ಕಟ್ಟಿಗೆ ಬಿತ್ತು. 2025ರ ಚುನಾವಣೆಯಲ್ಲಿ ಮಾಸ್ ಪಕ್ಷದ ಅಧಿಕೃತ ಅಭ್ಯರ್ಥಿಗೆ ಬಂದದ್ದು ನೂರಕ್ಕೆ 3ರಷ್ಟು. ಪಕ್ಷದಿಂದ ಹೊರಬಂದಿದ್ದ ಮೊರಾಲೆಸ್ ಮತಪತ್ರವನ್ನು ಅಸಿಂಧು ಮಾಡಿ ಅಂತ ಕರೆ ಕೊಟ್ಟಿದ್ದರು. ಸುಮಾರು ಐದರಲ್ಲಿ ಒಂದು ಮತಪತ್ರ ಅಸಿಂಧುವಾಯಿತು. ನನಗೆ ಈ ಸಂಗತಿ ತುಂಬ ಕಾಡುತ್ತದೆ. ಒಟ್ಟಾಗಿ ವೋಟು ಹಾಕುವ ಅಭ್ಯಾಸ ಜನರಲ್ಲಿ ಇನ್ನೂ ಉಳಿದಿದೆ, ಆದರೆ ಅದು ಒಬ್ಬ ವ್ಯಕ್ತಿಯ ಮಾತಿಗೆ ಕಾಯುತ್ತಿದೆ. ಸಭೆಯಲ್ಲಿ ಕೂತು ತೀರ್ಮಾನಿಸುತ್ತಿದ್ದ ಜನ ಈ ಸ್ಥಿತಿಗೆ ಬರಬಾರದಿತ್ತು.

ಮತದಾನದ ಪ್ರಮಾಣದ ವಿಷಯಕ್ಕೆ ಬಂದರೆ ಅಸ್ಸಾಂ ಬಿಟ್ಟು ಮಾತಾಡುವಂತಿಲ್ಲ. 1979ರಿಂದ ಅಲ್ಲಿ, ಹೊರದೇಶದಿಂದ ಬಂದು ನೆಲೆಸಿದವರನ್ನು ಹೊರಗೆ ಕಳಿಸಬೇಕು ಅಂತ ವಿದ್ಯಾರ್ಥಿ ಸಂಘಟನೆಗಳ ಚಳವಳಿ ನಡೆಯಿತು. 1983ರ ಚುನಾವಣೆಯನ್ನು ಚಳವಳಿ ಬಹಿಷ್ಕರಿಸಿತು. ಭಯಾನಕ ಹಿಂಸೆಯ ನಡುವೆ ಮೂರನೇ ಒಂದು ಭಾಗದಷ್ಟು ಮತದಾನ ಆಯಿತು. ಎರಡೇ ವರ್ಷ. 1985ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರದ ಜೊತೆ ಒಪ್ಪಂದ, ಅಕ್ಟೋಬರ್‌ನಲ್ಲಿ ಅಸ್ಸಾಂ ಗಣ ಪರಿಷತ್ ಅನ್ನುವ ಪಕ್ಷ, ಡಿಸೆಂಬರ್‌ನಲ್ಲಿ ಚುನಾವಣೆ. ಮತದಾನ ನೂರಕ್ಕೆ 80ರ ಹತ್ತಿರ ಹೋಯಿತು. 33ರ ವಯಸ್ಸಿನ ಪ್ರಫುಲ್ಲ ಕುಮಾರ್ ಮಹಾಂತ ಮುಖ್ಯಮಂತ್ರಿಯಾದರು.

ಚಳವಳಿ ಬಂತು, ಜನ ಉತ್ಸಾಹದಿಂದ ವೋಟು ಹಾಕಿದರು ಅಂತ ಇದನ್ನು ಬರೆಯುವವರು ಅರ್ಧ ಮಾತ್ರ ಹೇಳುತ್ತಾರೆ. ಅದೇ ಚುನಾವಣೆಗೆ ಮುನ್ನ, ಚಳವಳಿಗೆ ಹೆದರಿದ್ದ ಅಲ್ಪಸಂಖ್ಯಾತರು ಸಂಯುಕ್ತ ಅಲ್ಪಸಂಖ್ಯಾತರ ರಂಗ ಕಟ್ಟಿಕೊಂಡರು. ಅದು 17 ಸೀಟು ಗೆದ್ದಿತು. ಆ 80ರಲ್ಲಿ ಆಸೆಯ ವೋಟೂ ಇತ್ತು, ಭಯದ ವೋಟೂ ಇತ್ತು. ಚಳವಳಿ ಚುನಾವಣೆಗೆ ಬಂದರೆ ತನ್ನ ಜನರನ್ನು ಮಾತ್ರ ಮತಗಟ್ಟೆಗೆ ಕರೆತರುವುದಿಲ್ಲ, ತನ್ನಿಂದ ತೊಂದರೆಯಾದೀತು ಅಂತ ಅಂಜುವವರನ್ನೂ ಕರೆತರುತ್ತದೆ. ಮತದಾನ ಹೆಚ್ಚಾಯಿತು ಅಂತ ಸಂತೋಷಪಡುವ ಮೊದಲು ಯಾರು ಯಾಕೆ ಬಂದರು ಅಂತ ಕೇಳಬೇಕು.

ದಿಲ್ಲಿಯದನ್ನು ಬೇಗ ಹೇಳಿ ಮುಗಿಸುತ್ತೇನೆ, ಅದು ನಿಮಗೆಲ್ಲ ಹೊಸದಾಗಿಯೇ ನೆನಪಿದೆ. 2011ರ ಭ್ರಷ್ಟಾಚಾರ ವಿರೋಧಿ ಚಳವಳಿ, 2012ರಲ್ಲಿ ಆಮ್ ಆದ್ಮಿ ಪಕ್ಷ, 2013ರಲ್ಲಿ 28 ಸೀಟು, 2015ರಲ್ಲಿ 70ರಲ್ಲಿ 67. ಮತದಾನ 2008ರಲ್ಲಿ ನೂರಕ್ಕೆ 58ರ ಆಸುಪಾಸಿನಲ್ಲಿದ್ದದ್ದು 2013ರಲ್ಲಿ 66ರ ಹತ್ತಿರಕ್ಕೆ ಏರಿತು. ಗಲ್ಲಿ ಗಲ್ಲಿಯಲ್ಲಿ ಜನರೇ ಸೇರಿ ಖರ್ಚು ತೀರ್ಮಾನಿಸುವ ಮೊಹಲ್ಲಾ ಸಭೆಗಳ ಮಾತೂ ಆಗ ಜೋರಾಗಿತ್ತು. ಗೆದ್ದ ಕೆಲವೇ ತಿಂಗಳಲ್ಲಿ ಭಿನ್ನಮತದವರನ್ನು ಪಕ್ಷದಿಂದ ಹೊರಹಾಕಲಾಯಿತು. ಶಾಲೆ, ಆಸ್ಪತ್ರೆ, ಕರೆಂಟಿನ ಕೆಲಸ ನಡೆಯಿತು, ಅದನ್ನು ಅಲ್ಲಗಳೆಯುವಂತಿಲ್ಲ. ಸಭೆಗಳ ಮಾತು ಮಾತ್ರ ಹಿಂದೆ ಸರಿಯಿತು. ಮತದಾರರು ಮತ್ತೆ ಪಡೆಯುವವರಾದರು. ಪಡೆಯುವವರು ಇನ್ನೊಬ್ಬರು ಹೆಚ್ಚಿಗೆ ಕೊಡುತ್ತೇವೆ ಅಂದಾಗ ಅತ್ತ ನೋಡುವುದು ಸಹಜ.

ಈ ಅಪಾಯವನ್ನು ಮೊದಲೇ ಕಂಡವರೂ ಇದ್ದರು. ಜರ್ಮನಿಯ ಹಸಿರು ಪಕ್ಷ ಹುಟ್ಟಿದ್ದು ಅಣುವಿರೋಧಿ, ಶಾಂತಿ ಮತ್ತು ಮಹಿಳಾ ಚಳವಳಿಗಳಿಂದ. 1983ರಲ್ಲಿ ನೂರಕ್ಕೆ 5.6 ಮತ ಪಡೆದು ಸಂಸತ್ತಿಗೆ ಬಂದರು. ಎರಡು ವರ್ಷ ಆದ ಮೇಲೆ ಸಂಸದರು ರಾಜೀನಾಮೆ ಕೊಟ್ಟು ಪಟ್ಟಿಯಲ್ಲಿರುವ ಮುಂದಿನವರಿಗೆ ಜಾಗ ಬಿಡಬೇಕು ಅನ್ನುವ ನಿಯಮ ಮಾಡಿಕೊಂಡರು. ಒಳ್ಳೆಯ ಉದ್ದೇಶ. ಆದರೆ ಕೆಲಸ ಕಲಿಯುವ ಹೊತ್ತಿಗೆ ಹೊರಗೆ ಹೋಗಬೇಕು. ಪೆಟ್ರಾ ಕೆಲ್ಲಿಯಂಥ ದೊಡ್ಡ ನಾಯಕಿಯೇ ಬಿಟ್ಟುಕೊಡಲು ಒಪ್ಪಲಿಲ್ಲ. ನಿಯಮ ಬಹಳ ಕಾಲ ಬಾಳಲಿಲ್ಲ. ನಾಯಕರನ್ನು ಬದಲಾಯಿಸುತ್ತಿದ್ದರೆ ಸಾಕು ಅನ್ನುವ ಯೋಚನೆಯ ಮಿತಿ ಅಲ್ಲಿ ಕಾಣುತ್ತದೆ.

ಬ್ರೆಜಿಲ್‌ನ ಪೋರ್ಟೊ ಅಲೆಗ್ರೆ ನಗರದವರು ಬೇರೆ ದಾರಿ ಹಿಡಿದರು. ಕಾರ್ಮಿಕ ಚಳವಳಿಯಿಂದ ಬಂದ ವರ್ಕರ್ಸ್ ಪಾರ್ಟಿ 1989ರಲ್ಲಿ ನಗರಾಡಳಿತ ಹಿಡಿದಾಗ ಬಜೆಟ್ಟನ್ನೇ ಜನರ ಸಭೆಗೆ ಒಯ್ದಿತು. ಯಾವ ಬಡಾವಣೆಗೆ ಚರಂಡಿ ಮೊದಲು, ಯಾವ ರಸ್ತೆಗೆ ಕಲ್ಲು ಮೊದಲು ಅಂತ ಜನ ಕೂತು ತೀರ್ಮಾನಿಸಿದರು. ಬಡವರು, ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಬಂದರು. ಬಂದದ್ದು ಯಾಕೆ? ಅಲ್ಲಿ ಆದ ತೀರ್ಮಾನಕ್ಕೆ ದುಡ್ಡು ಬಿಡುಗಡೆಯಾಗುತ್ತಿತ್ತು. ಪಕ್ಷ 16 ವರ್ಷ ಆ ನಗರವನ್ನು ಆಳಿತು.

ನಮ್ಮಲ್ಲಿ ಇಂಥ ಜಾಗ ಇಲ್ಲವೇ? ಇದೆ. ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕು. ಮನೆ ಯಾರಿಗೆ, ಸವಲತ್ತು ಯಾರಿಗೆ ಅನ್ನುವ ಪಟ್ಟಿ ಅಲ್ಲಿ ಓದಿ ಒಪ್ಪಿಗೆ ಪಡೆಯಬೇಕು. ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದೂ ಇಲ್ಲ. ಚಳವಳಿಗೆ ಇದಕ್ಕಿಂತ ಒಳ್ಳೆಯ ಬಾಗಿಲು ಇಲ್ಲ. ಆದರೂ ನಮ್ಮ ಚಳವಳಿಗಳು ನೇರವಾಗಿ ವಿಧಾನಸಭೆಗೆ ಹಾರುತ್ತವೆ. ಇದು ನನಗೆ ನೋವಿನ ವಿಷಯ.

ಹಾಗಾದರೆ ಚಳವಳಿಗಳು ಚುನಾವಣೆಗೆ ಬರಬೇಕೋ ಬೇಡವೋ ಅಂತ ನೀವು ಕೇಳಿದರೆ, ಬರಬೇಕು ಅನ್ನುತ್ತೇನೆ. ಆದರೆ ಚುನಾವಣೆಗೆ ನಿಲ್ಲುವವರು ಸಂಘದ ಪದಾಧಿಕಾರ ಬಿಡಬೇಕು. ಒಳ್ಳೆಯ ಸಂಘಟಕರಲ್ಲಿ ಅರ್ಧದಷ್ಟು ಜನರಾದರೂ ಊರಲ್ಲೇ ಉಳಿಯಬೇಕು. ಗೆದ್ದ ಶಾಸಕರು ಸಂಘದ ಸಭೆಗೆ ಬಂದರೆ ಅವರಿಗೆ ವೇದಿಕೆಯ ಮೇಲೆ ಕುರ್ಚಿ ಹಾಕುವುದು ಬೇಡ, ಪ್ರಶ್ನೆ ಕೇಳಿ. ಅದಕ್ಕೂ ಮೊದಲು ಮಾಡಬೇಕಾದ ಒಂದು ಕೆಲಸವಿದೆ, ಅದಕ್ಕೆ ಚುನಾವಣೆ ಘೋಷಣೆಯಾಗುವವರೆಗೆ ಕಾಯಬೇಕಾಗಿಲ್ಲ. ನಿಮ್ಮ ಬೂತಿನ ಮತದಾರರ ಪಟ್ಟಿ ತೆಗೆದು ಮನೆ ಮನೆಗೆ ಹೋಗಿ ಓದಿ. 18 ತುಂಬಿದವರ ಹೆಸರು ಸೇರಿದೆಯಾ, ಮದುವೆಯಾಗಿ ಊರಿಗೆ ಬಂದ ಹೆಣ್ಣುಮಕ್ಕಳ ಹೆಸರು ಬಂದಿದೆಯಾ, ಕೂಲಿಗೆ ಬೆಂಗಳೂರಿಗೋ ಗೋವಾಕ್ಕೋ ಹೋದವರ ಹೆಸರು ಕಿತ್ತುಹೋಗಿದೆಯಾ ನೋಡಿ. ಬಿಟ್ಟುಹೋದವರಿಗೆ ಫಾರಂ 6, ಬೇರೆ ಊರಿನ ಪಟ್ಟಿಯಲ್ಲಿ ಹೆಸರಿದ್ದು ಇಲ್ಲಿಗೆ ಬಂದವರಿಗೆ ಫಾರಂ 8 ತುಂಬಿಸಿ. ಆ ಮನೆಗಳಲ್ಲಿ ಕೂತು ಮಾತಾಡುವಾಗ ಗ್ರಾಮಸಭೆ ಯಾವತ್ತು ಅನ್ನುವುದನ್ನೂ ಹೇಳಿ ಬನ್ನಿ.